‘ಎಂಬೆಡೆಡ್’ ಅಂದರೆ ಅಡಗಿರುವುದಾ, ಬೇರೂರಿರುವುದಾ, ಬೆರೆತಿರುವುದಾ?

ಕರಡುಓದು ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನಾನು 11 ವರ್ಷದಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೇನೆ. ಕಥೆ, ಕವಿತೆ ಅಲ್ಲ. ಯಂತ್ರದ ಕೈಪಿಡಿ, ತರಬೇತಿ ಪುಸ್ತಕ, ರೋಗಿಗಳಿಗೆ ಕೊಡುವ ಸೂಚನೆಯ ಹಾಳೆ, ಇಂಥವು. ಈ ತಿಂಗಳು ಒಂದೇ ಪದ ಎರಡು ಸಲ ಎದುರಾಯಿತು. ಮೊದಲ ಸಲ ಸಲೀಸಾಗಿ ದಾಟಿದೆ. ಎರಡನೇ ಸಲ ಇನ್ನೂ ಅಲ್ಲೇ ನಿಂತಿದ್ದೇನೆ.

ಮೊದಲನೆಯದು ನನ್ನದೇ ಕಾಲಿನ ವಿಷಯ. ಗಾಜಿನ ಲೋಟ ಒಡೆದು ಹಿಮ್ಮಡಿಗೆ ಚೂರು ಹೊಕ್ಕಿತ್ತು. ಮೇಲಿನ ಗಾಯ ಬೇಗ ಮಾಯಿತು. ಆದರೆ ಕಾಲು ಊರಿದಾಗಲೆಲ್ಲ ಅದೇ ಜಾಗದಲ್ಲಿ ಚುಳ್ ಅನ್ನುತ್ತಿತ್ತು. ತಿಂಗಳಾದರೂ ಹೋಗಲಿಲ್ಲ ಅಂತ ಎಕ್ಸ್‌ರೇ ತೆಗೆಸಿದೆ. 3 ಮಿಲಿಮೀಟರ್ ಉದ್ದದ ಗಾಜಿನ ಚೂರು ಹಿಮ್ಮಡಿಯಲ್ಲಿ ‘ಎಂಬೆಡೆಡ್’ ಆಗಿದೆ ಅಂತ ವರದಿಯಲ್ಲಿ ಬರೆದಿದ್ದರು. ಯಾರಾದರೂ ಕನ್ನಡದಲ್ಲಿ ಹೇಳಿ ಅಂದಿದ್ದರೆ ‘ಗಾಜು ಒಳಗೆ ಹೂತುಕೊಂಡಿದೆ’ ಅಂತ ತಕ್ಷಣ ಹೇಳುತ್ತಿದ್ದೆ.

ಎರಡನೆಯದು ಒಂದು ತರಬೇತಿ ಪುಸ್ತಕದ ಸಾಲು. ‘ಸೇಫ್ಟಿ ಮಸ್ಟ್ ಬಿ ಎಂಬೆಡೆಡ್ ಇನ್ ಎವ್ರಿಡೇ ವರ್ಕ್.’ ನಾನು ‘ಸುರಕ್ಷತೆ ದಿನನಿತ್ಯದ ಕೆಲಸದಲ್ಲಿ ಹುದುಗಿರಬೇಕು’ ಅಂತ ಬರೆದೆ. ಕರಡನ್ನು ಕೆಲಸಗಾರರಿಗೆ ಓದಲು ಕೊಡುವುದು ನನ್ನ ರೂಢಿ. ಒಬ್ಬ ಹಿರಿಯರು ಪೆನ್ಸಿಲ್‌ನಿಂದ ಆ ಸಾಲಿನ ಕೆಳಗೆ ಗೆರೆ ಹಾಕಿ ಕೇಳಿದರು: ‘ಮೇಡಂ, ಹುದುಗಿರೋದು ಅಂದ್ರೆ ಅಡಗಿಕೊಂಡಿರೋದು ಅಲ್ವಾ? ಸುರಕ್ಷತೆ ಯಾಕೆ ಅಡಗಬೇಕು? ಅದು ಕಣ್ಣಿಗೆ ಕಾಣಬೇಕು.’

ಅವರ ಮಾತು ಸರಿ. ನಿಧಿ ಹುದುಗಿರುತ್ತದೆ, ಗುಟ್ಟು ಹುದುಗಿರುತ್ತದೆ. ‘ಬೇರೂರಿರಬೇಕು’ ಅಂತ ತಿದ್ದಿದೆ. ಅದು ಕೆಟ್ಟ ಚಟದ ಬಗ್ಗೆ ಹೇಳಿದ ಹಾಗೆ ಕೇಳಿಸಿತು. ‘ಅಂತರ್ಗತವಾಗಿರಬೇಕು’ ಅಂತ ಬರೆದರೆ ಆ ಹಿರಿಯರು ಪುಸ್ತಕವನ್ನೇ ಮುಚ್ಚಿಡುತ್ತಾರೆ.

ನನ್ನ ಪ್ರಶ್ನೆ ಇಷ್ಟು. ಇಂಗ್ಲಿಷಿನವರ ಕಿವಿಗೆ ಗಾಜಿನ ಚೂರಿನ ‘ಎಂಬೆಡೆಡ್’ ಮತ್ತು ಸುರಕ್ಷತೆಯ ‘ಎಂಬೆಡೆಡ್’ ಒಂದೇ ಪದವಾ? ಎರಡನೆಯದನ್ನು ಕೇಳಿದಾಗ ಮೊದಲನೆಯ ಚಿತ್ರ ಅವರ ಮನಸ್ಸಿನಲ್ಲಿ ಬರುತ್ತದಾ? ಬರುವುದಾದರೆ ಆ ಚಿತ್ರದಲ್ಲಿ ‘ಅಡಗಿರುವುದು’ ಇದೆಯಾ?


ಪದರಗಲ್ಲು ಉತ್ತರಿಸಿದ್ದು:

ಕರಡುಓದು ಅವರೇ, ಈ ಪದ ನಮ್ಮ ಕಡೆಯದು. ನಮ್ಮ ಕಡೆ ಅಂದರೆ ಕಲ್ಲು, ಪಳೆಯುಳಿಕೆಗಳ ಕಡೆ. ನಾನು ಪಳೆಯುಳಿಕೆಗಳನ್ನು ಕಲ್ಲಿನಿಂದ ಬಿಡಿಸಿ ಶುಚಿ ಮಾಡುವ ಕೆಲಸ ಮಾಡುತ್ತೇನೆ. ಈ ಪದದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಇಂಗ್ಲಿಷಿನಲ್ಲಿ ಈ ಪದ ಬರಹದಲ್ಲಿ ಕಾಣಿಸಿಕೊಂಡಿದ್ದು 1778ರಲ್ಲಿ. ಮೊದಲು ಬಳಕೆಯಾಗಿದ್ದು ಬಂಡೆಯೊಳಗಿನ ಪಳೆಯುಳಿಕೆಗಳ ಬಗ್ಗೆ ಹೇಳಲು. ಈ ಪದದ ಒಳಗೆ ಇರುವುದು ‘ಬೆಡ್’. ಮಲಗುವ ಹಾಸಿಗೆ ಅಂತ ಮಾತ್ರ ಅಂದುಕೊಳ್ಳಬೇಡಿ. ನದಿಯ ತಳವೂ ಬೆಡ್, ಹೂಗಿಡ ನೆಡುವ ಪಾತಿಯೂ ಬೆಡ್. ಭೂವಿಜ್ಞಾನದಲ್ಲಿ ಕಲ್ಲಿನ ಒಂದು ಪದರವೂ ಬೆಡ್. ಆ ಪದರದೊಳಗೆ ಸೇರಿಸುವುದು ಎಂಬೆಡ್. ರೂಪಕವಾಗಿ ಬಳಸತೊಡಗಿದ್ದು ಆಮೇಲೆ, 1830ರ ದಶಕದ ಹೊತ್ತಿಗೆ.

ಈಗ ಚಿತ್ರ ನೋಡಿ. ಸಮುದ್ರದಲ್ಲಿ ಅಮೋನೈಟ್ ಅನ್ನುವ ಒಂದು ಪ್ರಾಣಿ ಸತ್ತು ಅದರ ಸುರುಳಿ ಚಿಪ್ಪು ತಳಕ್ಕೆ ಇಳಿಯುತ್ತದೆ. ಚಿಪ್ಪು ಕೆಸರನ್ನು ಚುಚ್ಚಿಕೊಂಡು ಒಳಗೆ ಹೋಗುವುದಿಲ್ಲ. ಸುಮ್ನೆ ಬಿದ್ದಿರುತ್ತದೆ ಅಷ್ಟೆ. ಕೆಸರೇ ಬಂದು ಅದರ ಸುತ್ತ ಕೂರುತ್ತದೆ. ಮೇಲೆ ಇನ್ನಷ್ಟು ಕೆಸರು. ಭಾರಕ್ಕೆ ನೀರು ಹಿಂಡಿ ಹೋಗುತ್ತದೆ, ಖನಿಜಗಳು ಕಣಕಣವನ್ನೂ ಅಂಟಿಸುತ್ತವೆ, ಕೆಸರು ಕಲ್ಲಾಗುತ್ತದೆ. ಅಮೋನೈಟ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷವಾಗಿದೆ. ಇವತ್ತು ಅಂಥ ಒಂದು ಚಿಪ್ಪು ನನ್ನ ಮೇಜಿನ ಮೇಲೆ ಬಂದರೆ ಅದರ ಒಂದೊಂದು ಉಬ್ಬುಗೆರೆಗೂ ಕಲ್ಲು ಕಚ್ಚಿಕೊಂಡಿರುತ್ತದೆ. ಎಳೆದರೆ ಬರುವುದಿಲ್ಲ. ಸುತ್ತಲಿನ ಕಲ್ಲನ್ನು ಸೂಜಿಯಂಥ ಉಪಕರಣದಿಂದ ಪುಡಿ ಪುಡಿಯಾಗಿ ತೆಗೆಯಬೇಕು. ಅಂಗೈ ಅಗಲದ ಚಿಪ್ಪಿಗೆ ವಾರಗಟ್ಟಲೆ ಕೂತಿದ್ದೇನೆ. ಆ ಸುತ್ತಲಿನ ಕಲ್ಲನ್ನು ನಾವು ‘ಮ್ಯಾಟ್ರಿಕ್ಸ್’ ಅನ್ನುತ್ತೇವೆ. ಲ್ಯಾಟಿನ್ನಿನಲ್ಲಿ ತಾಯಿ ಅನ್ನುವ ಪದದಿಂದ ಬಂದದ್ದು, ಗರ್ಭ ಅನ್ನುವ ಅರ್ಥವೂ ಇತ್ತು. ನನಗೆ ಬಹಳ ಇಷ್ಟದ ಪದ ಅದು.

ಹಾಗಾಗಿ ನಿಮ್ಮ ‘ಬೇರೂರು’ ಯಾಕೆ ಒಗ್ಗಲಿಲ್ಲ ಅನ್ನುವುದಕ್ಕೆ ನನ್ನ ಊಹೆ ಇದು. ಬೇರೂರುವುದು ವಸ್ತುವೇ ಮಾಡುವ ಕೆಲಸ. ಗಿಡ ತಾನೇ ಬೇರು ಬಿಡುತ್ತದೆ, ಒಳಗೆ ನುಗ್ಗುತ್ತದೆ. ಎಂಬೆಡ್ ಆಗುವುದರಲ್ಲಿ ಸುತ್ತಲಿನದ್ದು ಬಂದು ಹಿಡಿದುಕೊಳ್ಳುತ್ತದೆ. ಯಾರಾದರೂ ‘ಎಂಬೆಡೆಡ್’ ಅಂದಾಗ ನಾನು ನೋಡುವುದು ಎರಡೇ. ಸುತ್ತಲೂ ಇರುವುದು ಏನು? ಒಳಗಿನದನ್ನು ಕಿತ್ತರೆ ಅದೂ ಹರಿಯುತ್ತದಾ? ಎರಡಕ್ಕೂ ಉತ್ತರ ಸಿಕ್ಕರೆ ಆ ರೂಪಕ ಇನ್ನೂ ಜೀವಂತವಾಗಿದೆ.

ಅಡಗಿರಬೇಕಾ ಅನ್ನುವುದಕ್ಕೆ ಉತ್ತರ: ಬೇಡವೇ ಬೇಡ. ಅಂಬರ್ ನೋಡಿ. ಮರದ ಅಂಟು ಗಟ್ಟಿಯಾಗಿ ಆದದ್ದು. ಬಾಲ್ಟಿಕ್ ಸಮುದ್ರದ ತೀರದಲ್ಲಿ ಸಿಗುವ ಅಂಬರಿನಲ್ಲಿ ಸುಮಾರು 4 ಕೋಟಿ ವರ್ಷದ ಹಿಂದಿನ ಸೊಳ್ಳೆ, ಇರುವೆಗಳಿವೆ. ರೆಕ್ಕೆಯ ನರ ಕೂಡ ಎಣಿಸಬಹುದು. ಪೂರ್ತಿ ಎಂಬೆಡೆಡ್, ಪೂರ್ತಿ ಕಣ್ಣಿಗೆ ಕಾಣುತ್ತದೆ. ಹುದುಗು ಪದದಲ್ಲಿರುವ ಮರೆ ಇಂಗ್ಲಿಷ್ ಪದದಲ್ಲಿ ಇಲ್ಲ. ನಿಮ್ಮ ಹಿರಿಯ ಕೆಲಸಗಾರರ ಕಿವಿ ತುಂಬ ಚುರುಕಾಗಿದೆ.


ಮೇಣದಅಚ್ಚು ಉತ್ತರಿಸಿದ್ದು:

ಪದರಗಲ್ಲು ಅವರು ಬರೆದದ್ದು ಓದಿ ಖುಷಿಯಾಯಿತು. ಆದರೆ ‘ಕಿತ್ತರೆ ಹರಿಯಬೇಕು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಪೆಥಾಲಜಿ ಪ್ರಯೋಗಾಲಯದಲ್ಲಿ ತಂತ್ರಜ್ಞ. ನಮ್ಮಲ್ಲಿ ದಿನಾ ‘ಎಂಬೆಡಿಂಗ್’ ನಡೆಯುತ್ತದೆ. ರೋಗಿಯಿಂದ ತೆಗೆದ ಅಂಗಾಂಶದ ತುಣುಕನ್ನು ಅಚ್ಚಿನಲ್ಲಿಟ್ಟು ಸುಮಾರು 60 ಡಿಗ್ರಿಗೆ ಕರಗಿಸಿದ ಪ್ಯಾರಾಫಿನ್ ಮೇಣ ಸುರಿಯುತ್ತೇವೆ. ಆರಿದ ಮೇಲೆ ಗಟ್ಟಿ ಬಿಲ್ಲೆ. ಹಸಿ ಅಂಗಾಂಶವನ್ನು ಹಾಗೇ ಕತ್ತರಿಸಿದರೆ ಅದು ಬ್ಲೇಡಿಗೆ ಜಾರುತ್ತದೆ, ಹಿಂಜಿಕೊಳ್ಳುತ್ತದೆ. ಮೇಣ ಹಿಡಿದುಕೊಂಡರೆ 4-5 ಮೈಕ್ರಾನ್ ದಪ್ಪದ ಹಾಳೆಯಾಗಿ ಸೀಳಬಹುದು. ಆಮೇಲೆ ಗಾಜಿನ ಮೇಲೆ ಅಂಟಿಸಿ, ಮೇಣವನ್ನು ಕ್ಸೈಲೀನ್‌ನಲ್ಲಿ ಕರಗಿಸಿ ತೆಗೆದುಬಿಡುತ್ತೇವೆ. ಅಂಗಾಂಶ ಉಳಿಯುತ್ತದೆ, ಸುತ್ತಲಿನದ್ದು ಹೋಗುತ್ತದೆ, ಏನೂ ಹರಿಯುವುದಿಲ್ಲ.

ಅಂದರೆ ‘ಎಂಬೆಡ್’ ಅನ್ನುವುದರಲ್ಲಿ ಶಾಶ್ವತ ಅನ್ನುವ ಅರ್ಥ ಇಲ್ಲ. ಅಲುಗದ ಹಾಗೆ ಸುತ್ತ ಹಿಡಿದಿರುವುದು ಇದೆ. ಅಷ್ಟೇ ಸಾಕು ಅಂತ ನನಗೆ ಅನಿಸುತ್ತದೆ.


ಪದರಗಲ್ಲು ಉತ್ತರಿಸಿದ್ದು:

ಒಪ್ಪಿದೆ. ನಾನು ‘ಹರಿಯುವುದು’ ಅಂದದ್ದು ಬಲವಂತವಾಗಿ ಎಳೆದಾಗ. ನೀವು ಕರಗಿಸುತ್ತೀರಿ, ಎಳೆಯುವುದಿಲ್ಲ. ಆದರೂ ‘ಅಲುಗದ ಹಾಗೆ ಸುತ್ತ ಹಿಡಿದಿರುವುದು’ ನನ್ನ ಮಾತಿಗಿಂತ ಚೆನ್ನಾಗಿದೆ.


ಬೆಸುಗೆ ಉತ್ತರಿಸಿದ್ದು:

ನಾನು ಎಂಬೆಡೆಡ್ ಸಿಸ್ಟಮ್ ಎಂಜಿನಿಯರ್. ಹೆಸರಿನಲ್ಲೇ ಪದ ಇದೆ, ಆದರೆ ಇಷ್ಟು ವರ್ಷ ಅದನ್ನು ತಿರುಗಿ ನೋಡಿರಲಿಲ್ಲ. ಬಟ್ಟೆ ಒಗೆಯುವ ಯಂತ್ರದೊಳಗೆ, ಕಾರಿನ ಬ್ರೇಕಿನೊಳಗೆ ಸಣ್ಣ ಕಂಪ್ಯೂಟರ್ ಕೂತಿರುತ್ತದೆ. ಅದನ್ನು ಯಾರೂ ಕಂಪ್ಯೂಟರ್ ಅಂತ ಕೊಳ್ಳುವುದಿಲ್ಲ. ಅದು ಆ ಯಂತ್ರದ ಒಂದು ಅಂಗ.

ನಮ್ಮಲ್ಲಿ ಈ ಮಾತಿಗೆ ಹಳೆಯ ಉದಾಹರಣೆಯಾಗಿ ಅಪೋಲೋ ನೌಕೆಯ ಕಂಪ್ಯೂಟರನ್ನು ಹೇಳುತ್ತಾರೆ. 1969ರಲ್ಲಿ ಚಂದ್ರನ ಮೇಲೆ ಇಳಿದದ್ದು ಅದರ ಸಹಾಯದಿಂದ. ಅದರ ಶಾಶ್ವತ ಮೆಮೊರಿ 36,864 ಪದಗಳಷ್ಟು. ಇಲ್ಲಿ ಪದ ಅಂದರೆ 16 ಬಿಟ್‌ಗಳ ಗುಂಪು. ಆ ಮೆಮೊರಿಯನ್ನು ಕೈಯಲ್ಲಿ ನೇಯುತ್ತಿದ್ದರು. ಅಕ್ಷರಶಃ ನೇಯುತ್ತಿದ್ದರು! ಸಾಲಾಗಿ ಸಣ್ಣ ಸಣ್ಣ ಕಾಂತದ ಉಂಗುರಗಳು. ತಂತಿ ಉಂಗುರದ ಒಳಗಿಂದ ಹಾದರೆ 1, ಪಕ್ಕದಿಂದ ಹಾದರೆ 0. ಈ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಪ್ರೋಗ್ರಾಂ ಅನ್ನುವುದು ಆ ತಂತಿ ಹೋದ ದಾರಿಯೇ. ಒಂದು ತಪ್ಪು ಸಿಕ್ಕರೆ ಅಳಿಸಿ ಬರೆಯುವ ಹಾಗಿಲ್ಲ, ಬಿಚ್ಚಿ ಮತ್ತೆ ನೇಯಬೇಕು.

ಕರಡುಓದು ಅವರೇ, ನಿಮ್ಮ ಸುರಕ್ಷತೆಯ ಸಾಲಿಗೆ ನನಗೆ ಹೊಳೆದದ್ದು ‘ಹಾಸುಹೊಕ್ಕು’. ಹಾಸು ಅಂದರೆ ಮಗ್ಗದ ಉದ್ದದ ಎಳೆ, ಹೊಕ್ಕು ಅಡ್ಡ ಎಳೆ. ‘ಸುರಕ್ಷತೆ ಪ್ರತಿ ಕೆಲಸದಲ್ಲೂ ಹಾಸುಹೊಕ್ಕಾಗಿರಬೇಕು’. ಮರೆಯ ಅರ್ಥ ಇಲ್ಲ, ಎಳೆ ಕಿತ್ತರೆ ಬಟ್ಟೆ ಹಾಳು ಅನ್ನುವುದೂ ಇದೆ.

ಇನ್ನೊಂದು ವಿಷಯ. ಇದು ಅನುವಾದದಲ್ಲಿ ಎಡವಿಸುವ ಜಾಗ. ವೆಬ್ ಪುಟದಲ್ಲಿ ‘ವಿಡಿಯೋ ಎಂಬೆಡ್ ಮಾಡಿ’ ಅನ್ನುತ್ತಾರಲ್ಲ, ಅಲ್ಲಿ ವಿಡಿಯೋ ಆ ಪುಟದೊಳಗೆ ಇರುವುದೇ ಇಲ್ಲ. ಅದು ಬೇರೆ ಕಡೆಯ ಸರ್ವರಿನಲ್ಲಿರುತ್ತದೆ. ಪುಟದಲ್ಲಿ ಇರುವುದು ಅದರ ವಿಳಾಸ ಮಾತ್ರ. ಮೂಲದಲ್ಲಿ ಯಾರಾದರೂ ಅಳಿಸಿದರೆ ಇಲ್ಲಿ ಖಾಲಿ ಚೌಕ ಉಳಿಯುತ್ತದೆ. ಅದಕ್ಕೆ ‘ಪುಟದಲ್ಲಿ ತೋರಿಸಿ’ ಅಂದರೆ ಸಾಕು. ಪಿಡಿಎಫ್‌ನಲ್ಲಿ ‘ಫಾಂಟ್ ಎಂಬೆಡ್ ಮಾಡಿ’ ಅಂದಾಗ ಮಾತ್ರ ಅಕ್ಷರದ ಆಕಾರಗಳು ನಿಜವಾಗಿ ಕಡತದೊಳಗೆ ಸೇರುತ್ತವೆ. ಅಲ್ಲಿ ‘ಒಳಗೆ ಸೇರಿಸಿ’ ಅನ್ನಲೇಬೇಕು. ಒಂದೇ ಪದ, ಎರಡು ಉಲ್ಟಾ ಕೆಲಸ.


ಕರಡುಓದು ಉತ್ತರಿಸಿದ್ದು:

ಬೆಸುಗೆ ಅವರೇ, ಫಾಂಟಿನ ವಿಷಯ ನನಗೆ ಅನುಭವದಿಂದ ಗೊತ್ತು. 40 ಪುಟದ ಕೈಪಿಡಿಯನ್ನು ಫಾಂಟ್ ಸೇರಿಸದೆ ಅಚ್ಚಿಗೆ ಕಳಿಸಿದ್ದೆ. ಒತ್ತಕ್ಷರಗಳೆಲ್ಲ ಕಳಚಿ ಪಕ್ಕದಲ್ಲಿ ಕೂತಿದ್ದವು, ಕೆಲವು ಕಡೆ ಬರೀ ಡಬ್ಬಿ. ಒಂದು ರಾತ್ರಿಯಿಡೀ ಕೂತು ಸರಿಮಾಡಿದೆ. ಆವತ್ತಿನಿಂದ ಆ ಪೆಟ್ಟಿಗೆಗೆ ಟಿಕ್ ಹಾಕದೆ ಒಂದು ಕಡತವನ್ನೂ ಕಳಿಸಿಲ್ಲ.

ಹಾಸುಹೊಕ್ಕು ಚೆನ್ನಾಗಿದೆ. ಆ ಹಿರಿಯರಿಗೆ ತೋರಿಸುತ್ತೇನೆ.

ಇನ್ನೊಂದು ಅನುಮಾನ. ‘ಎಂಬೆಡೆಡ್ ಇನ್’ ಮತ್ತು ‘ಎಂಬೆಡೆಡ್ ವಿತ್’ ಎರಡೂ ನೋಡುತ್ತೇನೆ. ಎರಡೂ ಸರಿಯಾ?


ಸಾಲೊಳಸಾಲು ಉತ್ತರಿಸಿದ್ದು:

ನಾನು 22 ವರ್ಷದಿಂದ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದೇನೆ. ‘ಇನ್’ ಮತ್ತು ‘ವಿತ್’ ಎರಡೂ ಸರಿ, ಆದರೆ ದಿಕ್ಕು ಬೇರೆ. ಹರಳು ಉಂಗುರದಲ್ಲಿದೆ ಅನ್ನುವಾಗ ‘ಇನ್’. ಉಂಗುರಕ್ಕೆ ಹರಳು ಕೂರಿಸಿದ್ದಾರೆ ಅನ್ನುವಾಗ ಉಂಗುರವೇ ಕರ್ತೃವಿನ ಜಾಗಕ್ಕೆ ಬಂದು ‘ವಿತ್’ ಆಗುತ್ತದೆ. ಕನ್ನಡದಲ್ಲಿ ‘ಹರಳು ಕೂರಿಸಿದ ಉಂಗುರ’ ಅಂತ ಎರಡನ್ನೂ ಸಲೀಸಾಗಿ ಹೇಳಿಬಿಡುತ್ತೇವೆ.

‘ವಿತ್’ಗೆ ಇನ್ನೊಂದು ಬಳಕೆ 2003ರ ಇರಾಕ್ ಯುದ್ಧದಲ್ಲಿ ಹರಡಿತು. ಅಮೆರಿಕದ ಸೇನಾ ತುಕಡಿಗಳ ಜೊತೆಯಲ್ಲೇ ಇದ್ದು, ಅವರ ಜೊತೆಯಲ್ಲೇ ಓಡಾಡಿ ವರದಿ ಮಾಡಲು ನೂರಾರು ಪತ್ರಕರ್ತರನ್ನು ಕಳಿಸಿದರು. ಅವರನ್ನು ‘ಎಂಬೆಡೆಡ್’ ಪತ್ರಕರ್ತರು ಅಂದರು. ಪತ್ರಕರ್ತನನ್ನೇ ‘ಎಂಬೆಡ್’ ಅಂತಲೂ ಕರೆದರು. ಆಗ ಎದ್ದ ವಾದ ನಿಮಗೆ ಉಪಯೋಗಕ್ಕೆ ಬರುತ್ತದೆ. ಪರವಾಗಿ ಮಾತಾಡಿದವರು ‘ಯುದ್ಧವನ್ನು ಹತ್ತಿರದಿಂದ ನೋಡಬಹುದು’ ಅಂದರು. ಟೀಕಿಸಿದವರು ‘ತನ್ನನ್ನು ಕಾಪಾಡುವ ಸೈನಿಕನ ಬಗ್ಗೆ ನಿಷ್ಠುರವಾಗಿ ಬರೆಯಲು ಆಗುತ್ತದಾ’ ಅಂತ ಕೇಳಿದರು. ಪದರಗಲ್ಲು ಅವರ ಕೆಸರು ಇಲ್ಲೂ ಇದೆ ನೋಡಿ. ಸುತ್ತ ಇರುವುದು ಹಿಡಿದುಕೊಳ್ಳುತ್ತದೆ ಅನ್ನುವುದೇ ಆ ಟೀಕೆಯ ತಿರುಳು. ಹಾಗಾಗಿ ರೂಪಕದಲ್ಲಿ ಹಳೆಯ ಚಿತ್ರ ಸತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ.

ಹತ್ತಿರದ ಪದಗಳಿಗೂ ಒಂದೊಂದು ಚಿತ್ರ ಇದೆ. ‘ಇಂಗ್ರೇನ್ಡ್’ನಲ್ಲಿ ಇರುವುದು ಬಣ್ಣ. ಹಿಂದೆ ಕಾಳಿನಂತೆ ಕಾಣುವ ಒಣಗಿಸಿದ ಕೀಟಗಳಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು, ಅದಕ್ಕೆ ‘ಗ್ರೇನ್’ ಅನ್ನುತ್ತಿದ್ದರು. ಎಳೆಗೇ ಹತ್ತಿ ಒಗೆದರೂ ಹೋಗದ ಬಣ್ಣ. ‘ಎಂಟ್ರೆಂಚ್ಡ್’ನಲ್ಲಿ ಕಂದಕ ಇದೆ, ಅದಕ್ಕೇ ಅದು ಹೆಚ್ಚಾಗಿ ಜಗಳ ಕಾಯುವ ಅಧಿಕಾರ, ಹಿತಾಸಕ್ತಿಗಳ ಬಗ್ಗೆ ಬರುತ್ತದೆ. ಪೂರ್ವಗ್ರಹಕ್ಕೆ ‘ಇಂಗ್ರೇನ್ಡ್’ ಒಪ್ಪುತ್ತದೆ. ‘ಎಂಬೆಡೆಡ್’ನಲ್ಲಿ ಒಳ್ಳೆಯದು, ಕೆಟ್ಟದ್ದು ಅನ್ನುವ ಛಾಯೆ ಕಡಿಮೆ. ಕಚೇರಿಯ ಬರಹದವರಿಗೆ ಅದು ಇಷ್ಟವಾಗುವುದು ಅದಕ್ಕೇ ಇರಬೇಕು.

ನನ್ನ ತರಗತಿಯ ಒಂದು ವಿಷಯ ಹೇಳದೆ ಇರಲಾರೆ. ವ್ಯಾಕರಣದಲ್ಲೂ ‘ಎಂಬೆಡೆಡ್ ಕ್ವೆಶ್ಚನ್’ ಅಂತ ಇದೆ. ವಾಕ್ಯದೊಳಗೆ ಕೂತ ಪ್ರಶ್ನೆ. ‘ವೇರ್ ಈಸ್ ಹಿ?’ ಅನ್ನುವುದು ಬಿಡಿ ಪ್ರಶ್ನೆ. ಅದನ್ನು ಇನ್ನೊಂದು ವಾಕ್ಯದೊಳಗೆ ಇಟ್ಟರೆ ‘ಐ ಡೋಂಟ್ ನೋ ವೇರ್ ಹಿ ಈಸ್’ ಆಗಬೇಕು. ನಮ್ಮ ಮಕ್ಕಳು ‘ಐ ಡೋಂಟ್ ನೋ ವೇರ್ ಈಸ್ ಹಿ’ ಅನ್ನುತ್ತಾರೆ. ಮೊದಲ ಕೆಲವು ವರ್ಷ ನಾನು ಸುಮ್ನೆ ಕೆಂಪು ಗೆರೆ ಎಳೆಯುತ್ತಿದ್ದೆ. ಆಮೇಲೆ ಒಂದು ದಿನ ಒಬ್ಬ ಹುಡುಗಿ ‘ಯಾಕೆ ಟೀಚರ್, ಪ್ರಶ್ನೆ ಬದಲಾಗಿಲ್ಲ ಅಲ್ವಾ?’ ಅಂತ ಕೇಳಿದಳು. ಅವಳ ಮಾತಿನಲ್ಲಿ ಕನ್ನಡ ಇತ್ತು. ನಾವು ‘ಅವನು ಎಲ್ಲಿದ್ದಾನೆ?’ ಅನ್ನುತ್ತೇವೆ. ಒಳಗೆ ಇಡುವಾಗ ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಅನ್ನುತ್ತೇವೆ. ಪ್ರಶ್ನೆಯ ಒಂದು ಅಕ್ಷರವೂ ಅಲುಗುವುದಿಲ್ಲ. ‘ಅಂತ’ ಅನ್ನುವುದು ಹರಳನ್ನು ಹಿಡಿದ ಕೊಂಡಿಯ ಹಾಗೆ ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೊಂಡಿ ಇಲ್ಲ, ಅದಕ್ಕೆ ಪ್ರಶ್ನೆಯೇ ತನ್ನ ಆಕಾರ ಬದಲಿಸಿಕೊಂಡು ಕೂರಬೇಕು. ಈಗ ನಾನು ಕೆಂಪು ಗೆರೆಗೆ ಮೊದಲು ಈ ಎರಡು ವಾಕ್ಯ ಹಲಗೆಯ ಮೇಲೆ ಬರೆಯುತ್ತೇನೆ. ತಪ್ಪು ತುಂಬ ಕಡಿಮೆಯಾಗಿದೆ.


ನೆಲೆಗಾಣು ಉತ್ತರಿಸಿದ್ದು:

ಒಂದು ಸಣ್ಣ ಸೇರ್ಪಡೆ. ಅರ್ಥಶಾಸ್ತ್ರದಲ್ಲಿ ಈ ಪದಕ್ಕೆ ತೂಕ ತಂದುಕೊಟ್ಟವರು ಕಾರ್ಲ್ ಪೊಲಾನಿ. 1944ರಲ್ಲಿ ಅವರು ಇಟ್ಟ ವಾದ ಹೀಗಿದೆ: ಮನುಷ್ಯರ ಕೊಡುಕೊಳ್ಳುವಿಕೆ ಮೊದಲೆಲ್ಲ ಬಂಧುತ್ವ, ಧರ್ಮ, ಅಧಿಕಾರದ ಸಂಬಂಧಗಳೊಳಗೆ ‘ಎಂಬೆಡೆಡ್’ ಆಗಿತ್ತು. ಮಾರುಕಟ್ಟೆಯನ್ನು ಅದರಿಂದ ಬಿಡಿಸಿ ತಾನೇ ತಾನಾಗಿ ಓಡಲು ಬಿಟ್ಟರೆ ಸಮಾಜ ಹರಿಯುತ್ತದೆ, ಆಗ ಸಮಾಜ ತಿರುಗಿ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತದೆ. ಕಲ್ಲು ಮತ್ತು ಚಿಪ್ಪಿನ ಚಿತ್ರ ಇಟ್ಟುಕೊಂಡು ಓದಿದರೆ ಈ ವಾದ ಬೇಗ ತಲೆಗೆ ಹತ್ತುತ್ತದೆ. ನಾನು ಟಿಪ್ಪಣಿ ಬರೆಯುವಾಗ ‘ಒಳಬೆರೆತ’ ಅಂತ ಬರೆದುಕೊಳ್ಳುತ್ತೇನೆ.


ಕರಡುಓದು ಉತ್ತರಿಸಿದ್ದು:

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ಆ ಹಿರಿಯರ ಹತ್ತಿರ ಕೂತು ಮೂರು ಸಾಲು ಓದಿದೆ. ‘ಹಾಸುಹೊಕ್ಕಾಗಿರಬೇಕು’ ಕೇಳಿ ತಲೆಯಾಡಿಸಿದರು, ಆದರೆ ‘ಪುಸ್ತಕದ ಮಾತು’ ಅಂದರು. ‘ಒಳಬೆರೆತಿರಬೇಕು’ ಅವರಿಗೆ ಹಿಡಿಸಲಿಲ್ಲ. ಬೆರೆತರೆ ಬೇರೆಯಾಗಿ ಕಾಣುವುದಿಲ್ಲ ಅಂದರು. ಆಮೇಲೆ ಪದರಗಲ್ಲು ಅವರ ಚಿಪ್ಪಿನ ಕಥೆಯನ್ನು ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಹಾಗಾದ್ರೆ ಸುರಕ್ಷತೆ ಅನ್ನೋದು ಕೆಲಸದ ಪಕ್ಕದಲ್ಲಿ ಇಡೋದಲ್ಲ, ಕೆಲಸದ ಒಳಗೇ ಇರಬೇಕು ಅಂತ ತಾನೇ?’

ಅದನ್ನೇ ಬರೆದೆ. ‘ಸುರಕ್ಷತೆ ಕೆಲಸದ ಪಕ್ಕದಲ್ಲಿ ಇಡುವುದಲ್ಲ, ಪ್ರತಿ ಕೆಲಸದ ಒಳಗೇ ಇರಬೇಕು.’ ಇಂಗ್ಲಿಷ್ ಸಾಲಿಗಿಂತ ಸ್ವಲ್ಪ ಉದ್ದವಾಯಿತು. ಇರಲಿ. ‘ಪಕ್ಕದಲ್ಲಿ ಇಡುವುದಲ್ಲ’ ಅನ್ನುವುದು ಮೂಲದಲ್ಲಿ ಇಲ್ಲ ಅಂತ ಯಾರಾದರೂ ಕೇಳಿದರೆ, ಆ ಪದದೊಳಗೇ ಅದು ಇದೆ ಅಂತ ಹೇಳುವಷ್ಟು ಧೈರ್ಯ ಈಗ ಬಂದಿದೆ. ಪುಸ್ತಕದಲ್ಲಿ ಇನ್ನೂ ನಾಲ್ಕು ಕಡೆ ಈ ಪದ ಇದೆ. ಎರಡು ಕಡೆ ‘ಹಾಸುಹೊಕ್ಕು’ ಹಾಕಿದ್ದೇನೆ. ಸೆನ್ಸರ್ ಬಗ್ಗೆ ಇರುವ ಕಡೆ ‘ಗೋಡೆಯೊಳಗೆ ಕೂರಿಸಿದ’ ಅಂತ. ಇನ್ನೊಂದು ಕಡೆ ಪದವನ್ನೇ ಬಿಟ್ಟೆ, ವಾಕ್ಯಕ್ಕೆ ಅದರ ಅಗತ್ಯ ಇರಲಿಲ್ಲ.


ಪದರಗಲ್ಲು ಉತ್ತರಿಸಿದ್ದು:

ತುಂಬ ಒಳ್ಳೆಯ ಸಾಲು. ನಿಮ್ಮ ಕಾಲು ಈಗ ಹೇಗಿದೆ? ಅದರ ಬಗ್ಗೆ ಯಾರೂ ಕೇಳಲೇ ಇಲ್ಲ.


ಕರಡುಓದು ಉತ್ತರಿಸಿದ್ದು:

ಕೇಳಿದ್ದಕ್ಕೆ ಸಂತೋಷ. ಇವತ್ತು ಬೆಳಗ್ಗೆ ತೆಗೆದರು. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸಣ್ಣದಾಗಿ ಕುಯ್ದರು. ಚೂರು ಸಿಕ್ಕಿದ ಮೇಲೂ ತಕ್ಷಣ ಬರಲಿಲ್ಲ. ಅದರ ಸುತ್ತ ಬಿಳಿಯ ತೆಳು ಪೊರೆ ಕಟ್ಟಿಕೊಂಡಿತ್ತು. ಹೊರಗಿನ ವಸ್ತು ಒಳಗೆ ಉಳಿದರೆ ದೇಹ ಹೀಗೆ ಸುತ್ತ ಪೊರೆ ಕಟ್ಟುತ್ತದೆ ಅಂತ ಡಾಕ್ಟರ್ ಹೇಳಿದರು. ಪೊರೆಯನ್ನು ಬಿಡಿಸಿ, ಆಮೇಲೆ ಗಾಜು ತೆಗೆದರು. ಎರಡು ಹೊಲಿಗೆ ಹಾಕಿದ್ದಾರೆ. ನಾನು ‘ಹೂತುಕೊಂಡಿದೆ’ ಅಂದಿದ್ದೆ, ಗಾಜು ತಾನೇ ಒಳಗೆ ಹೋಗಿ ಕೂತಿದೆ ಅನ್ನುವ ಹಾಗೆ. ವರದಿ ಬರೆದವರ ಪದವೇ ಹೆಚ್ಚು ಸರಿಯಾಗಿತ್ತು. ಚೂರನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರೆ, ಮೇಜಿನ ಮೇಲೆ ಇದೆ.